ಹದಿನೈದು ಗುಮ್ಮಟಗಳ ಕೆಳಗೆ ಹಳೆಯ ಕಾಲದ ಸರಕು: ಇಸ್ತಾಂಬುಲಿನ ಜೆವಾಹಿರ್ ಬೆದೆಸ್ತೆನ್

ಟರ್ಕಿಯ ಇಸ್ತಾಂಬುಲ್ ನಗರಕ್ಕೆ ಹೋದವರು ಅಲ್ಲಿನ ಮಹಾಬಜಾರನ್ನು ನೋಡದೆ ಮರಳುವುದು ಅಪರೂಪ. ತುರ್ಕಿ ಭಾಷೆಯಲ್ಲಿ ಅದಕ್ಕೆ ‘ಕಪಾಲಿ ಚಾರ್ಶಿ’, ಅಂದರೆ ಮಾಡು ಹೊದಿಸಿದ ಪೇಟೆ ಎಂದು ಹೆಸರು. 61 ಬೀದಿಗಳು, ಸುಮಾರು 4000 ಅಂಗಡಿಗಳಿರುವ ಈ ಪೇಟೆಯ ನಟ್ಟನಡುವೆ ಕೋಟೆಯಂತೆ ನಿಂತಿರುವ ಒಂದು ಕಲ್ಲಿನ ಕಟ್ಟಡವಿದೆ. ಅದೇ ಜೆವಾಹಿರ್ ಬೆದೆಸ್ತೆನ್. ಒಳ ಬೆದೆಸ್ತೆನ್, ಹಳೆಯ ಬೆದೆಸ್ತೆನ್ ಎಂಬ ಹೆಸರುಗಳೂ ಅದಕ್ಕುಂಟು. ಹೊರಗಿನ ಬೀದಿಗಳಲ್ಲಿ ಚಿನ್ನ, ಚರ್ಮದ ಚೀಲ, ಮಿಠಾಯಿ, ಬಣ್ಣದ ದೀಪಗಳ ಮಾರಾಟ ಭರದಿಂದ ಸಾಗಿದ್ದರೆ, ಈ ಕಟ್ಟಡದೊಳಗಿನ ಪುಟ್ಟ ಮಳಿಗೆಗಳಲ್ಲಿ ಹಳೆಯ ಬೆಳ್ಳಿ, ನಾಣ್ಯ, ಜೇಬುಗಡಿಯಾರ, ಕಠಾರಿ, ಜಪಮಾಲೆ, ತಾಮ್ರದ ಪಾತ್ರೆಗಳು ಗಿರಾಕಿಗಾಗಿ ಕಾದು ಕುಳಿತಿವೆ.

ಪುರಾತನ ವಸ್ತುಗಳ ಪೇಟೆಯಲ್ಲಿ ಸುತ್ತಾಡುವುದು ಬಹಳ ಜನರಿಗೆ ಪ್ರಿಯವಾದ ಹವ್ಯಾಸ. ಆದರೆ ಇಲ್ಲಿ ಕಣ್ಣಿಗೆ ಬೀಳುವ ಪ್ರತಿಯೊಂದು ವಸ್ತುವೂ ಹಳೆಯದಲ್ಲ. ಹಳೆಯದಾದುದೆಲ್ಲವನ್ನೂ ಊರಿಗೆ ಒಯ್ಯುವಂತೆಯೂ ಇಲ್ಲ. ಈ ಎರಡು ಸಂಗತಿಗಳನ್ನು ಅರಿಯದೆ ಹೋದವರು ಹಣವನ್ನು ಕಳೆದುಕೊಳ್ಳಬಹುದು, ವಿಮಾನ ನಿಲ್ದಾಣದಲ್ಲಿ ಸ್ವಾತಂತ್ರ್ಯವನ್ನೂ ಕಳೆದುಕೊಳ್ಳಬಹುದು. ಆದುದರಿಂದ ಕಟ್ಟಡದ ಚರಿತ್ರೆ, ಅಲ್ಲಿನ ಸರಕು, ಅದನ್ನು ಪರೀಕ್ಷಿಸುವ ಬಗೆ ಹಾಗೂ ಎರಡೂ ದೇಶಗಳ ಕಾನೂನನ್ನು ಇಲ್ಲಿ ಒಟ್ಟಾಗಿ ಕೊಡಲಾಗಿದೆ.

ಕಟ್ಟಡದ ಹುಟ್ಟು

1453ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದ ಆಟೋಮನ್ ಸುಲ್ತಾನ ಎರಡನೆಯ ಮೆಹ್ಮದನು ಪಾಳುಬಿದ್ದಿದ್ದ ರಾಜಧಾನಿಗೆ ಮತ್ತೆ ವ್ಯಾಪಾರವನ್ನು ತರಲು ಬಯಸಿದನು. 1455–56ರ ಚಳಿಗಾಲದಲ್ಲಿ ಆರಂಭವಾದ ಬೆದೆಸ್ತೆನ್ನಿನ ನಿರ್ಮಾಣ 1460–61ರ ಚಳಿಗಾಲದಲ್ಲಿ ಮುಗಿಯಿತು. ಆಗ ಮಸೀದಿಯಾಗಿ ಪರಿವರ್ತಿತವಾಗಿದ್ದ ಹಾಗಿಯಾ ಸೋಫಿಯಾದ ವಕ್ಫ್‌ಗೆ ಅದನ್ನು ದತ್ತಿಯಾಗಿ ಕೊಡಲಾಯಿತು. ಮಳಿಗೆಗಳ ಬಾಡಿಗೆಯಿಂದ ಮಸೀದಿಯ ಖರ್ಚು ನಡೆಯಬೇಕೆಂಬುದು ಏರ್ಪಾಡು.

‘ಬೆದೆಸ್ತೆನ್’ ಎಂಬುದು ‘ಬೆಜ಼್’, ಅಂದರೆ ಬಟ್ಟೆ ಎಂಬ ಶಬ್ದದಿಂದ ಬಂದುದು. ಮೊದಲಲ್ಲಿ ಅದು ಬೆಲೆಬಾಳುವ ಬಟ್ಟೆಗಳ ಪೇಟೆ. ‘ಜೆವಾಹಿರ್’ ಎಂದರೆ ರತ್ನಗಳು. ಕನ್ನಡದಲ್ಲಿ ಬಳಕೆಯಲ್ಲಿರುವ ‘ಜವಾಹಿರಿ’ ಶಬ್ದದ ಬೇರೂ ಅದೇ. ಈ ಪೇಟೆಯಲ್ಲಿ ಕಿವಿಗೊಟ್ಟು ಕೇಳಿದ ಕನ್ನಡಿಗನಿಗೆ ಇಂತಹ ನಂಟು ಇನ್ನೂ ಹಲವು ದೊರೆಯುತ್ತವೆ. ಅಂಗಡಿಗೆ ಅವರು ‘ದುಕ್ಕಾನ್’ ಎನ್ನುತ್ತಾರೆ, ನಮ್ಮದು ದುಕಾನು. ಹೊರೆ ಹೊರುವವನು ಅಲ್ಲಿಯೂ ‘ಹಮಾಲ್’. ತಾಮ್ರದ ಪಾತ್ರೆಗೆ ಒಳಗಿನಿಂದ ಬಳಿಯುವ ತವರಕ್ಕೆ ಅವರು ‘ಕಲಾಯ್’ ಎನ್ನುತ್ತಾರೆ. ನಮ್ಮ ಮನೆಗಳ ‘ಕಲಾಯಿ’ ನೆನಪಿಗೆ ಬಾರದಿರದು. ಅರಬ್ಬೀ, ಫಾರಸಿ ಭಾಷೆಗಳ ವ್ಯಾಪಾರದ ಶಬ್ದಗಳು ವರ್ತಕರ ಜೊತೆಯಲ್ಲಿ ಎರಡೂ ದಿಕ್ಕಿಗೆ ನಡೆದುಬಂದಿವೆ.

ಕಟ್ಟಡ ಸುಮಾರು 43 ಮೀಟರ್ ಉದ್ದ, 29.5 ಮೀಟರ್ ಅಗಲವಿದೆ. ಒಂದೊಂದು ಸಾಲಿಗೆ ನಾಲ್ಕರಂತೆ ಎರಡು ಸಾಲು ಕಲ್ಲುಗಂಬಗಳು. ಅವುಗಳ ಮೇಲೆ ಐದರಂತೆ ಮೂರು ಸಾಲುಗಳಲ್ಲಿ ಒಟ್ಟು 15 ಇಟ್ಟಿಗೆಯ ಗುಮ್ಮಟಗಳು. ಗೋಡೆಗಳ ಒಳಮೈಯಲ್ಲಿಯೂ ಹೊರಮೈಯಲ್ಲಿಯೂ ಸೇರಿ 44 ‘ಮಹಜೆನ್’ಗಳು, ಅಂದರೆ ಹೊರಗೆ ಕಿಟಕಿಯಿಲ್ಲದ ಕಮಾನು ಚಾವಣಿಯ ಉಗ್ರಾಣಗಳಿವೆ. ಬೆಳಕು ಬರುವುದು ಚಾವಣಿಯ ಅಡಿಯಲ್ಲಿರುವ ಕಿಟಕಿಗಳಿಂದ ಮಾತ್ರ. ವಿದ್ಯುತ್ ದೀಪ ಇಲ್ಲದ ಕಾಲದಲ್ಲಿ ಈ ಮಂದ ಬೆಳಕಿನಿಂದಾಗಿ ಇಲ್ಲಿನ ವ್ಯಾಪಾರ ದಿನಕ್ಕೆ ಕೆಲವೇ ಗಂಟೆ ನಡೆಯುತ್ತಿತ್ತು.

ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲುಗಳಿವೆ. ಹೊರಗೆ ಯಾವ ಕಸುಬಿನವರು ಕುಳಿತಿದ್ದರೋ ಅವರ ಹೆಸರೇ ಬಾಗಿಲಿಗೆ ಬಂದಿದೆ. ಉತ್ತರದ್ದು ಹಳೆ ಪುಸ್ತಕದವರ ಬಾಗಿಲು, ದಕ್ಷಿಣದ್ದು ಟೋಪಿಯವರದು, ಪೂರ್ವದ್ದು ಅಕ್ಕಸಾಲಿಗರದು, ಪಶ್ಚಿಮದ್ದು ಹೆಂಗಸರ ಉಡುಪು ಮಾರುವವರದು. ಪೂರ್ವದ ಬಾಗಿಲ ಮೇಲೆ ಒಂಟಿ ತಲೆಯ ಹದ್ದಿನ ಉಬ್ಬುಶಿಲ್ಪವಿದ್ದು, ಅದು ಬೈಜಾಂಟಿನ್ ಕಾಲದ್ದು. ಇದರಿಂದಾಗಿ ಇಡೀ ಕಟ್ಟಡವೇ ಬೈಜಾಂಟಿನ್ ಕಾಲದ್ದೆಂದು ಕೆಲವರು ವಾದಿಸಿದ್ದುಂಟು. ಆದರೆ ಇಟ್ಟಿಗೆಗಳನ್ನು ಪರೀಕ್ಷಿಸಿದ ವಿದ್ವಾಂಸರು ಕಟ್ಟಡದ ಬಹುಭಾಗ 15ನೆಯ ಶತಮಾನದ ಉತ್ತರಾರ್ಧದ್ದೆಂದು ನಿರ್ಣಯಿಸಿದ್ದಾರೆ. ಹಳೆಯ ವಸ್ತುವಿನ ಒಂದು ತುಂಡನ್ನು ನೋಡಿ ಇಡೀ ವಸ್ತುವಿನ ವಯಸ್ಸನ್ನು ಹೇಳಬಾರದೆಂಬ ಮೊದಲ ಪಾಠ ಹೀಗೆ ಬಾಗಿಲಿನಲ್ಲಿಯೇ ಸಿಗುತ್ತದೆ.

ಸಾಮ್ರಾಜ್ಯದ ತಿಜೋರಿ

ಬ್ಯಾಂಕುಗಳಿಲ್ಲದ ಕಾಲದಲ್ಲಿ ಬೆದೆಸ್ತೆನ್ ನಗರದ ತಿಜೋರಿಯೂ ಆಗಿದ್ದಿತು. ಸಿರಿವಂತರು ತಮ್ಮ ಹಣ, ಒಡವೆಗಳನ್ನು ಮಹಜೆನ್‌ಗಳಲ್ಲಿ ಇರಿಸುತ್ತಿದ್ದರು. ರಾತ್ರಿ ಕಬ್ಬಿಣದ ಬಾಗಿಲುಗಳನ್ನು ಮುಚ್ಚಿ ಕಾವಲಿಡುತ್ತಿದ್ದರು. ಹಾಗಿದ್ದೂ 1591ರಲ್ಲಿ ಇಲ್ಲಿಂದ 30,000 ಚಿನ್ನದ ನಾಣ್ಯಗಳು ಕಳುವಾದವು. ಇಡೀ ಪೇಟೆ ಎರಡು ವಾರ ಮುಚ್ಚಿತು. ಅನೇಕರನ್ನು ಹಿಡಿದು ಹಿಂಸಿಸಲಾಯಿತು. ಕೊನೆಗೆ ನೆಲಕ್ಕೆ ಹಾಸಿದ್ದ ಚಾಪೆಯ ಅಡಿಯಲ್ಲಿ ಹಣ ಸಿಕ್ಕಿತು. ಕದ್ದವನು ಕಸ್ತೂರಿ ಮಾರುತ್ತಿದ್ದ ಒಬ್ಬ ಪರ್ಷಿಯದ ತರುಣ. ಅವನನ್ನು ಗಲ್ಲಿಗೇರಿಸಲಾಯಿತು.

ಅಂದಿನ ಮಳಿಗೆ ಇಂದಿನಂತೆ ಗಾಜಿನ ಕೋಣೆಯಾಗಿರಲಿಲ್ಲ. ಗೋಡೆಗೆ ಕಪಾಟು, ಅದರ ಮುಂದೆ ಒಂದು ಜಗಲಿ, ಜಗಲಿಯ ಮೇಲೆ ಕುಳಿತ ವ್ಯಾಪಾರಿ, ಅಷ್ಟೆ. ಒಂದೊಂದು ಮಳಿಗೆಯ ಅಗಲ ಆರರಿಂದ ಎಂಟು ಅಡಿ. ಕೂಗಿ ಕರೆಯುವ ಪದ್ಧತಿಯಾಗಲಿ, ಫಲಕವಾಗಲಿ ಇರಲಿಲ್ಲ. ಗಿರಾಕಿ ಬಂದು ಪಕ್ಕದಲ್ಲಿ ಕುಳಿತು ಕಾಫಿ ಕುಡಿಯುತ್ತ ಮಾತಾಡಿದರೆ ಮಾತ್ರ ಬೆಲೆಬಾಳುವ ವಸ್ತು ಕಪಾಟಿನಿಂದ ಹೊರಬರುತ್ತಿತ್ತು. ಒಂದೇ ಸರಕಿನವರು ಒಂದೇ ಬೀದಿಯಲ್ಲಿ ಕೂರುವುದು ನಿಯಮ. ನಮ್ಮ ಬೆಂಗಳೂರಿನ ಅಕ್ಕಿಪೇಟೆ, ಅರಳೆಪೇಟೆಗಳನ್ನು ಬಲ್ಲವರಿಗೆ ಇದು ಹೊಸತಲ್ಲ.

ಬೆಂಕಿ ಈ ಪೇಟೆಯ ಹಳೆಯ ವೈರಿ. 1515ರಿಂದ 1701ರವರೆಗೆ ಹತ್ತಕ್ಕೂ ಹೆಚ್ಚು ಬಾರಿ ಬೆಂಕಿ ಬಿದ್ದಿದೆ. ಸುತ್ತಲಿನ ಮರದ ಅಂಗಡಿಗಳು ಸುಟ್ಟುಹೋಗುತ್ತಿದ್ದವು. 1696ರ ಅಗ್ನಿ ನಿಯಮದ ತರುವಾಯ ಬೀದಿಗಳ ಮೇಲೂ ಕಮಾನು ಚಾವಣಿ ಕಟ್ಟುವುದು ಮೊದಲಾಯಿತು. 1894ರ ಭೂಕಂಪದಲ್ಲಿ ಪೇಟೆಗೆ ದೊಡ್ಡ ಹಾನಿಯಾಯಿತು. ಅನಂತರ ಹಳೆ ಪುಸ್ತಕದವರು ಬೆಯಾಜಿತ್ ಮಸೀದಿಯ ಪಕ್ಕದ ಅಂಗಳಕ್ಕೆ ಹೋದರು. ಇಂದಿಗೂ ಅವರ ಪೇಟೆ ಅಲ್ಲಿಯೇ ಇದೆ. 1954ರ ನವೆಂಬರಿನಲ್ಲಿ ಮತ್ತೆ ಬೆಂಕಿ ಬಿದ್ದು, ದುರಸ್ತಿ ಮುಗಿಯಲು 1959 ಆಯಿತು.

ಪೇಟೆಯೊಳಗೆ ಸಂದಲ್ ಬೆದೆಸ್ತೆನ್ ಎಂಬ ಇನ್ನೊಂದು ಕಟ್ಟಡವೂ ಇದ್ದು, ಅದಕ್ಕೆ 20 ಗುಮ್ಮಟಗಳಿವೆ. ಬುರ್ಸಾ ನಗರದಿಂದ ಬರುತ್ತಿದ್ದ ‘ಸಂದಲ್’ ಎಂಬ ಬಟ್ಟೆಯಿಂದ ಅದಕ್ಕೆ ಆ ಹೆಸರು. ಯುರೋಪಿನ ಗಿರಣಿ ಬಟ್ಟೆಯ ಎದುರು ಅಲ್ಲಿನ ವ್ಯಾಪಾರ ಸೊರಗಿತು. 1914ರಲ್ಲಿ ನಗರಾಡಳಿತ ಅದನ್ನು ಕೊಂಡು, 1915ರಿಂದ ಮುಖ್ಯವಾಗಿ ರತ್ನಗಂಬಳಿಗಳ ಹರಾಜುಕಟ್ಟೆಯಾಗಿ ನಡೆಸಿತು.

ಏನೇನು ಸಿಗುತ್ತದೆ?

ಬೆಳ್ಳಿ ಸಾಮಾನು: ಕನ್ನಡಿ, ಅತ್ತರುದಾನಿ, ಸೊಂಟಪಟ್ಟಿ, ಕಾಫಿ ಬಟ್ಟಲಿನ ಹೊರಗವಸು ಇತ್ಯಾದಿ. ಆಟೋಮನ್ ಕಾಲದ ಬೆಳ್ಳಿಯ ಮೇಲೆ ಅಂದಿನ ಸುಲ್ತಾನನ ‘ತುಘ್ರಾ’, ಅಂದರೆ ಬಳ್ಳಿಯಂತೆ ಹೆಣೆದ ಅಂಕಿತದ ಮುದ್ರೆ ಇರುತ್ತದೆ. ಪಕ್ಕದಲ್ಲಿ ಶುದ್ಧತೆಯನ್ನು ಸಾರುವ ‘ಸಹ್’ ಗುರುತು, ಪರೀಕ್ಷೆಗೆಂದು ಕೆರೆದ ಅಂಕುಡೊಂಕಾದ ಗೀರು ಸಹ ಇರುವುದುಂಟು. ಒಬ್ಬೊಬ್ಬ ಸುಲ್ತಾನನ ತುಘ್ರಾ ಒಂದೊಂದು ಬಗೆ. ಆದುದರಿಂದ ತಿಳಿದವರು ಅದನ್ನು ನೋಡಿ ವಸ್ತು ಯಾರ ಆಳ್ವಿಕೆಯದೆಂದು ಹೇಳಬಲ್ಲರು.

ನಾಣ್ಯಗಳು: ಕೊನೆಯ ಕಾಲದ ಆಟೋಮನ್ ನಾಣ್ಯಗಳಲ್ಲಿ ಎರಡು ಸಂಖ್ಯೆಗಳಿರುತ್ತವೆ. ಒಂದು ಸುಲ್ತಾನ ಪಟ್ಟವೇರಿದ ಹಿಜರಿ ವರ್ಷ, ಇನ್ನೊಂದು ಆಳ್ವಿಕೆಯ ಎಷ್ಟನೆಯ ವರ್ಷದಲ್ಲಿ ಟಂಕಿಸಿದರೆಂಬ ಲೆಕ್ಕ. ಎರಡನೆಯ ಅಬ್ದುಲ್ ಹಮೀದನ ನಾಣ್ಯದಲ್ಲಿ 1293 ಎಂದೂ 33 ಎಂದೂ ಇದ್ದರೆ, 1293ನ್ನು ಮೊದಲ ವರ್ಷವೆಂದು ಎಣಿಸಿ ಹಿಜರಿ 1325, ಅಂದರೆ ಕ್ರಿ.ಶ. 1907ರ ಸುಮಾರು ಎಂದು ತಿಳಿಯಬೇಕು. ‘1293’ನ್ನು ಕ್ರಿಸ್ತಶಕವೆಂದು ಭಾವಿಸಿ ಏಳು ಶತಮಾನ ಹಳೆಯದೆಂದು ಬೀಗಿದರೆ ವ್ಯಾಪಾರಿಗೆ ನಗು ಬಂದೀತು.

ಜಪಮಾಲೆಗಳು: ಕರ್ನಾಟಕದ ಮುಸಲ್ಮಾನರು ‘ತಸ್ಬಿ’ ಎನ್ನುವ ಮಾಲೆಯೇ ಅಲ್ಲಿ ‘ತೆಸ್ಪಿಹ್’. 33 ಅಥವಾ 99 ಮಣಿ. ಅತ್ಯಂತ ಬೇಡಿಕೆಯದು ಆ್ಯಂಬರಿನದು, ಅಂದರೆ ಲಕ್ಷಾಂತರ ವರ್ಷಗಳಲ್ಲಿ ಕಲ್ಲಿನಂತೆ ಗಟ್ಟಿಯಾದ ಮರದ ರಾಳದ್ದು.

ಇವಲ್ಲದೆ ತಾಮ್ರಕ್ಕೆ ಚಿನ್ನದ ಲೇಪವಿಟ್ಟ ‘ತೊಂಬಾಕ್’ ಪಾತ್ರೆಗಳು, ಕುತಾಹ್ಯಾ ಊರಿನ ಬಣ್ಣದ ಪಿಂಗಾಣಿ, ಕ್ರೈಸ್ತ ಸಂತರ ಹಲಗೆ ಚಿತ್ರಗಳು, ಅರಬ್ಬೀ ಸುಂದರಲಿಪಿಯ ಪಟಗಳು, ಪದಕಗಳು, ಹಳೆಯ ಅಂಚೆಕಾರ್ಡು, ಭಾವಚಿತ್ರಗಳು ಇಲ್ಲಿ ಕಾಣಸಿಗುತ್ತವೆ. ಪ್ರಸಿದ್ಧವಾದ 16ನೆಯ ಶತಮಾನದ ಇಜ್ನಿಕ್ ಪಿಂಗಾಣಿ ಕಡಿಮೆ ಬೆಲೆಗೆ ಸಿಕ್ಕಿತೆಂದರೆ ಅದು ಇತ್ತೀಚಿನ ನಕಲೆಂದೇ ತಿಳಿಯುವುದು ಕ್ಷೇಮ.

ಹಳೆಯದೋ, ಹಳೆಯದಂತೆ ಮಾಡಿದ್ದೋ?

ಪರಿಣತರ ಕಣ್ಣು ವರ್ಷಗಟ್ಟಲೆ ಅಭ್ಯಾಸದಿಂದ ಬರುವಂಥದು. ಆದರೂ ಸಾಮಾನ್ಯ ಓದುಗರು ಕೆಲವು ಇಸವಿಗಳನ್ನು ನೆನಪಿಟ್ಟುಕೊಂಡರೆ ಒರಟು ಮೋಸಗಳಿಂದ ಪಾರಾಗಬಹುದು.

* 1928: ಟರ್ಕಿ ಅರಬ್ಬೀ ಲಿಪಿಯನ್ನು ಬಿಟ್ಟು ಲ್ಯಾಟಿನ್ ಲಿಪಿಗೆ ಬಂದ ವರ್ಷ. ಲ್ಯಾಟಿನ್ ಲಿಪಿಯ ತುರ್ಕಿ ಬರಹವಿರುವ ವಸ್ತು ಆಟೋಮನ್ ಕಾಲದ್ದಾಗಿರಲಾರದು. ಅರಬ್ಬೀ ಲಿಪಿಯಿದ್ದರೆ ಹಳೆಯದೇ ಎನ್ನುವಂತಿಲ್ಲ, ಏಕೆಂದರೆ ಅದನ್ನು ಇಂದೂ ಕೆತ್ತಬಹುದು.

* 1856: ಕೃತಕ ಬಣ್ಣ ಕಂಡುಹಿಡಿದ ವರ್ಷ. ರಾಸಾಯನಿಕ ಬಣ್ಣದ ನೂಲಿರುವ ರತ್ನಗಂಬಳಿ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ನೂಲನ್ನು ಬಿಡಿಸಿ ಬುಡದವರೆಗೆ ನೋಡಬೇಕು. ತುದಿ ಮಾಸಿ ಬುಡ ಕಣ್ಣು ಕುಕ್ಕುವಂತಿದ್ದರೆ ಬಿಸಿಲಿಗೆ ಹಾಕಿಯೋ ರಾಸಾಯನಿಕದಲ್ಲಿ ತೊಳೆದೋ ಹಳತು ಮಾಡಿರಬಹುದು.

* 1890: ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕೆಂದು ಅಮೆರಿಕ ಕಾನೂನು ಮಾಡಿದ ವರ್ಷ. ಯುರೋಪಿನ ಪಿಂಗಾಣಿ, ಗಡಿಯಾರಗಳ ಮೇಲೆ ಇಂಗ್ಲಿಷಿನಲ್ಲಿ ದೇಶದ ಹೆಸರಿದ್ದರೆ ಅವು ಬಹುಮಟ್ಟಿಗೆ ಅನಂತರದವು.

* 1907: ಬೇಕಲೈಟ್ ಎಂಬ ಪ್ಲಾಸ್ಟಿಕ್ ಹುಟ್ಟಿದ ವರ್ಷ. ಆ್ಯಂಬರ್ ಎಂದು ಮಾರುವ ಎಷ್ಟೋ ಮಾಲೆಗಳು ಬೇಕಲೈಟಿನವು. ಉಪ್ಪು ಕರಗುವಷ್ಟು ಕರಗಿಸಿದ ನೀರಿನಲ್ಲಿ ಆ್ಯಂಬರ್ ತೇಲುತ್ತದೆ, ಬೇಕಲೈಟ್ ಮುಳುಗುತ್ತದೆ. ಆದರೆ ಕೆಲವು ಬಗೆಯ ಪ್ಲಾಸ್ಟಿಕ್ಕುಗಳೂ ತೇಲುವುದರಿಂದ ಈ ಪರೀಕ್ಷೆ ಅರ್ಧ ಉತ್ತರವನ್ನಷ್ಟೇ ಕೊಡುತ್ತದೆ.

* 1930ರ ದಶಕ: ತಲೆಯಲ್ಲಿ ಕೂಡಿಸುವ ಚಿಹ್ನೆಯಂಥ ಗೀರಿರುವ ತಿರುಪುಗಳು ಬಳಕೆಗೆ ಬಂದ ಕಾಲ. ‘ಸುಲ್ತಾನರ ಕಾಲದ ಪೆಟ್ಟಿಗೆ’ಯ ತಿಜಾಗರಿಯಲ್ಲಿ ಅಂತಹ ತಿರುಪು ಕಂಡರೆ ಒಂದೋ ದುರಸ್ತಿಯಾಗಿದೆ, ಇಲ್ಲವೇ ಪೆಟ್ಟಿಗೆಯೇ ಹೊಸತು.

ಇನ್ನೊಂದು ಬಗೆಯ ಸರಕನ್ನು ಕುರಿತು ಪ್ರತ್ಯೇಕವಾಗಿ ಹೇಳಬೇಕು. ಹಳೆಯ ಹಸ್ತಪ್ರತಿಯ ಹಾಳೆಯ ಮೇಲೆ ಬೇಟೆಯ ದೃಶ್ಯವನ್ನೋ ದರ್ಬಾರನ್ನೋ ಬಿಡಿಸಿದ ಚಿಕ್ಕ ಚಿತ್ರಗಳು ಪ್ರವಾಸಿಗರಿಗೆ ಬಲು ಇಷ್ಟ. ಇವುಗಳಲ್ಲಿ ಅನೇಕವುಗಳ ಕಾಗದ ಹಳೆಯದು, ಚಿತ್ರ ಮಾತ್ರ ಹೊಸತು. ಚಿತ್ರದ ಬಣ್ಣ ಅಕ್ಷರಗಳ ಮೇಲೆ ಹರಿದಿದೆಯೇ ಎಂದು ನೋಡಬೇಕು. ಹುಳ ತಿಂದ ತೂತಿನ ಅಂಚಿಗೆ ಬಣ್ಣ ಇಳಿದಿದ್ದರೆ ಹುಳ ತಿಂದ ಮೇಲೆ ಚಿತ್ರ ಬರೆದರೆಂದು ಸ್ಪಷ್ಟ. ಇಂತಹ ಹಾಳೆಗಾಗಿ ಎಲ್ಲಿಯೋ ಒಂದು ಹಳೆಯ ಗ್ರಂಥವನ್ನು ಹರಿದು ಬಿಡಿ ಮಾಡಲಾಗಿದೆ. ಗಣಿತವೋ ವೈದ್ಯವೋ ಧರ್ಮಶಾಸ್ತ್ರವೋ ಇದ್ದ ಪುಸ್ತಕ ಗೋಡೆಯ ಅಲಂಕಾರವಾಗಿ ಮುಗಿಯುತ್ತದೆ. ಕೊಳ್ಳುವವರಿದ್ದಷ್ಟು ಕಾಲ ಹರಿಯುವವರೂ ಇರುತ್ತಾರೆ ಎಂಬುದನ್ನು ಮರೆಯಬಾರದು.

ಚೌಕಾಸಿಯ ಮರ್ಯಾದೆ

ಬೆಲೆಯ ಚೀಟಿ ಇರುವುದು ವಿರಳ. ವ್ಯಾಪಾರಿ ಮೊದಲು ಹೇಳುವ ಬೆಲೆ ಮಾತಿನ ಆರಂಭವೇ ಹೊರತು ಕೊನೆಯಲ್ಲ. ಸೊಂಟ ಬಳುಕಿದ ಪುಟ್ಟ ಗಾಜಿನ ಲೋಟದಲ್ಲಿ ಚಹಾ ಬರುತ್ತದೆ. ಕುಡಿದ ಮಾತ್ರಕ್ಕೆ ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ಆದರೆ ಕೊಳ್ಳುವ ಮನಸ್ಸಿಲ್ಲದ ವಸ್ತುವಿಗೆ ಸುಮ್ಮನೆ ಬೆಲೆ ಕಟ್ಟುವುದು, ತಾನೇ ಹೇಳಿದ ಬೆಲೆಗೆ ವ್ಯಾಪಾರಿ ಒಪ್ಪಿದ ಮೇಲೆ ಎದ್ದುಹೋಗುವುದು ಅಲ್ಲಿ ದೊಡ್ಡ ಅವಮರ್ಯಾದೆ. ದಿನದ ಮೊದಲ ಮಾರಾಟಕ್ಕೆ ಅವರು ‘ಸಿಫ್ತಾಹ್’ ಎನ್ನುತ್ತಾರೆ. ಇದು ನಮ್ಮ ಬೋಣಿಯೇ. ಬೋಣಿಯ ಗಿರಾಕಿಯನ್ನು ಬರಿಗೈಲಿ ಕಳಿಸಬಾರದೆಂಬ ನಂಬಿಕೆ ಅಲ್ಲಿಯೂ ಇರುವುದರಿಂದ, ನಿಜವಾಗಿ ಕೊಳ್ಳಬಯಸುವವರು ಬೆಳಿಗ್ಗೆ ಹೋಗುವುದು ಲೇಸು.

ಒಂದೇ ಕಟ್ಟಡದಲ್ಲಿ ಹಲವು ವ್ಯಾಪಾರಿಗಳಿರುವುದರ ಮುಖ್ಯ ಅನುಕೂಲವೆಂದರೆ ಹೋಲಿಕೆ. ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳದೆ, ಒಂದೇ ಬಗೆಯ ವಸ್ತುವನ್ನು ನಾಲ್ಕಾರು ಕಡೆ ಕೈಯಲ್ಲಿ ಹಿಡಿದು ತೂಕ, ಸವೆತ, ಮುದ್ರೆಗಳನ್ನು ನೋಡಬೇಕು. ‘ಅಪರೂಪದ್ದು’ ಎಂದು ಹೇಳಲಾದ ವಸ್ತು ಮೂರು ಮಳಿಗೆಗಳಲ್ಲಿ ಒಂದೇ ರೀತಿ ಕಂಡರೆ ಅದು ಯಾವುದೋ ಕಾರ್ಖಾನೆಯಿಂದ ಬಂದಿದೆ. ನಿಜವಾದ ಸವೆತ ಕೈ ತಾಗುವಲ್ಲಿ, ನೆಲಕ್ಕೆ ಉಜ್ಜುವಲ್ಲಿ ಇರುತ್ತದೆ. ಮಾಡಿಸಿದ ಸವೆತ ಎಲ್ಲೆಡೆ ಸಮನಾಗಿರುತ್ತದೆ.

ಕಾನೂನು ಏನೆನ್ನುತ್ತದೆ?

ಅಂಗಡಿಯಲ್ಲಿ ಬಹಿರಂಗವಾಗಿ ಮಾರುತ್ತಿದ್ದಾರೆ ಎಂದ ಮಾತ್ರಕ್ಕೆ ದೇಶದಿಂದ ಹೊರಗೆ ಒಯ್ಯಬಹುದೆಂದು ಅರ್ಥವಲ್ಲ. ಪ್ರವಾಸಿಗರು ಎಡವುವುದು ಇಲ್ಲಿಯೇ.

ಪುರಾತನ ವಸ್ತುಗಳು ಹೊರದೇಶಕ್ಕೆ ಹೋಗದಂತೆ ತಡೆಯುವ ಯತ್ನ ಆಟೋಮನ್ ಕಾಲದಲ್ಲಿಯೇ ಆರಂಭವಾಯಿತು. ಚಿತ್ರಕಾರನೂ ಸಾಮ್ರಾಜ್ಯದ ವಸ್ತುಸಂಗ್ರಹಾಲಯದ ನಿರ್ದೇಶಕನೂ ಆಗಿದ್ದ ಉಸ್ಮಾನ್ ಹಮ್ದಿ ಬೇ ಅವರ ಮುಂದಾಳತ್ವದಲ್ಲಿ 1884ರ ನಿಯಮ ರಫ್ತನ್ನು ನಿಷೇಧಿಸಿತು. ಇಂದು ಜಾರಿಯಲ್ಲಿರುವುದು 1983ರ 2863ನೆಯ ಸಂಖ್ಯೆಯ ಕಾನೂನು. ರಕ್ಷಣೆಗೆ ಒಳಪಟ್ಟ ಸಾಂಸ್ಕೃತಿಕ ವಸ್ತುವನ್ನು ಅಕ್ರಮವಾಗಿ ಹೊರಗೆ ಒಯ್ದರೆ 5ರಿಂದ 12 ವರ್ಷಗಳ ಸೆರೆವಾಸಕ್ಕೆ ಅದರಲ್ಲಿ ಅವಕಾಶವಿದೆ. ಇಂತಹ ವಸ್ತುಗಳನ್ನು ಮಾರುವವರು ಸಂಸ್ಕೃತಿ ಸಚಿವಾಲಯದ ಪರವಾನಗಿ ಪಡೆದಿರಬೇಕು. 1839ರ ಅಬ್ದುಲ್ ಮಜೀದನಿಂದ 1922ರ ವಹೀದುದ್ದೀನನವರೆಗಿನ ಆರು ಸುಲ್ತಾನರ ನಾಣ್ಯಗಳನ್ನು ದೇಶದೊಳಗೆ ಮುಕ್ತವಾಗಿ ಕೊಂಡು ಮಾರಬಹುದು. ಹೊರಗೆ ಒಯ್ಯುವ ಪ್ರಶ್ನೆ ಬೇರೆ. ರತ್ನಗಂಬಳಿ ಮೊದಲಾದ ಹಳೆಯದಾಗಿ ಕಾಣುವ ವಸ್ತುಗಳಿಗೆ, ಇದು ರಕ್ಷಿತ ವಸ್ತುವಲ್ಲವೆಂದು ವಸ್ತುಸಂಗ್ರಹಾಲಯ ಕೊಡುವ ಪತ್ರವನ್ನು ಜೊತೆಯಲ್ಲಿರಿಸಿಕೊಳ್ಳಬೇಕು. ವ್ಯಾಪಾರಿಯ ಬಾಯಿಮಾತು ಸುಂಕದ ಅಧಿಕಾರಿಯ ಎದುರು ನಿಲ್ಲದು. ಪಾಳು ನಗರಗಳಲ್ಲಿ ನೆನಪಿಗೆಂದು ಆಯ್ದ ಕಲ್ಲಿನ ಚೂರೂ ಅಪಾಯಕಾರಿಯೇ.

ದಂತ, ಆಮೆಯ ಚಿಪ್ಪಿನ ಕೆಲಸವಿರುವ ಪೆಟ್ಟಿಗೆ, ಚಮಚ, ಕಠಾರಿಗಳನ್ನು ಮುಟ್ಟದಿರುವುದೇ ಒಳಿತು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ತಡೆಯುವ ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ಟರ್ಕಿ, ಭಾರತ ಎರಡೂ ಇವೆ. ಭಾರತದ 1972ರ ವನ್ಯಜೀವಿ ಕಾನೂನು ಇನ್ನೂ ಕಟ್ಟುನಿಟ್ಟು.

ಈ ಮಾತು ನಮ್ಮ ಮನೆಗಳಿಗೂ ಅನ್ವಯಿಸುತ್ತದೆ. 1976ರ ಏಪ್ರಿಲ್ 5ರಿಂದ ಜಾರಿಗೆ ಬಂದ ಭಾರತದ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ, 1972ರ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಚಿತ್ರ, ನಾಣ್ಯ, ಕುಶಲವಸ್ತುಗಳು ಪ್ರಾಚ್ಯವಸ್ತುಗಳು. ಸಾಹಿತ್ಯಕವಾಗಿಯೋ ಐತಿಹಾಸಿಕವಾಗಿಯೋ ಮಹತ್ತ್ವದ ಹಸ್ತಪ್ರತಿಗೆ 75 ವರ್ಷ ಸಾಕು. ಇವುಗಳನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ಮಾಡಿದರೆ ಆರು ತಿಂಗಳಿನಿಂದ ಮೂರು ವರ್ಷಗಳ ಸೆರೆ ಹಾಗೂ ದಂಡ. ಅಮೆರಿಕದಲ್ಲಿರುವ ಮಗಳಿಗೆಂದು ಮುತ್ತಜ್ಜಿಯ ದೇವರ ಪೆಟ್ಟಿಗೆಯಿಂದ ವಿಗ್ರಹ ಕೊಂಡೊಯ್ಯುವವರು, ಅದು ಪ್ರಾಚ್ಯವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆಯಬೇಕು. ವಯಸ್ಸು ನೂರು ದಾಟಿದ್ದರೆ ಅದು ಇಲ್ಲಿಯೇ ಉಳಿಯಬೇಕಾದುದು.

ಒಂದು ಕಡಲಕುದುರೆಯ ಕಥೆ

ಇಷ್ಟೊಂದು ಕಟ್ಟುಪಾಡು ಏಕೆಂದು ಕೇಳುವವರಿಗೆ ಟರ್ಕಿಯ ಒಂದು ಪ್ರಕರಣವೇ ಉತ್ತರ. 1966ರಲ್ಲಿ ಉಶಾಕ್ ಪ್ರಾಂತ್ಯದಲ್ಲಿ ಹಳ್ಳಿಗರು ಪ್ರಾಚೀನ ಲಿಡಿಯಾ ರಾಜ್ಯದ ಗೋರಿಯೊಂದನ್ನು ಅಗೆದು ಚಿನ್ನ, ಬೆಳ್ಳಿಯ ಸಂಪತ್ತನ್ನು ದೋಚಿದರು. ಅದು ಕೈಯಿಂದ ಕೈಗೆ ಮಾರಾಟವಾಗಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವನ್ನು ಸೇರಿತು. ಟರ್ಕಿ ಮೊಕದ್ದಮೆ ಹೂಡಿ, 1993ರಲ್ಲಿ ಅದನ್ನು ಮರಳಿ ಪಡೆಯಿತು. ಆದರೆ 2006ರಲ್ಲಿ ಆಘಾತಕಾರಿ ಸಂಗತಿ ಹೊರಬಿತ್ತು. ಉಶಾಕ್ ವಸ್ತುಸಂಗ್ರಹಾಲಯದಲ್ಲಿದ್ದ, ರೆಕ್ಕೆಯ ಕಡಲಕುದುರೆಯ ಆಕಾರದ ಚಿನ್ನದ ಪದಕವನ್ನು ಯಾರೋ ಕದ್ದು ಅದರ ಜಾಗದಲ್ಲಿ ನಕಲನ್ನು ಇರಿಸಿದ್ದರು. ಅಸಲಿ ವಸ್ತು 2012ರಲ್ಲಿ ಜರ್ಮನಿಯಲ್ಲಿ ಪತ್ತೆಯಾಗಿ 2013ರಲ್ಲಿ ಟರ್ಕಿಗೆ ಬಂದಿತು.

ಗೋರಿಯಿಂದ ಗಾಜಿನ ಪೆಟ್ಟಿಗೆಯವರೆಗಿನ ಆ ದಾರಿಯ ಒಂದೊಂದು ಮೆಟ್ಟಿಲಲ್ಲಿಯೂ ಒಬ್ಬ ಮಾರುವವನಿದ್ದ, ‘ಎಲ್ಲಿಂದ ಬಂತು?’ ಎಂದು ಕೇಳದೆ ಕೊಂಡ ಒಬ್ಬ ಗಿರಾಕಿಯೂ ಇದ್ದ. ನಮ್ಮ ದೇವಾಲಯಗಳಿಂದ ಕಾಣೆಯಾದ ವಿಗ್ರಹಗಳು ಪರದೇಶ ಸೇರಿದುದೂ ಇದೇ ದಾರಿಯಲ್ಲಿ. ಬೆದೆಸ್ತೆನ್ನಿನ ಮಳಿಗೆಯಲ್ಲಾಗಲಿ, ನಮ್ಮೂರಿನ ಹಳೆಯ ಸಾಮಾನಿನ ಅಂಗಡಿಯಲ್ಲಾಗಲಿ, ಬೆಲೆ ಕೇಳುವ ಮೊದಲು ವಸ್ತುವಿನ ಊರು, ಒಡೆಯ, ಕಾಗದಪತ್ರ ಕೇಳುವುದು ಕೊಳ್ಳುವವರ ಕರ್ತವ್ಯ. ಪ್ರಾಮಾಣಿಕ ವ್ಯಾಪಾರಿ ಈ ಪ್ರಶ್ನೆಗೆ ಸಿಡುಕುವುದಿಲ್ಲ.

ಹೋಗುವವರಿಗೆ ಮಾಹಿತಿ

* ಟಿ-1 ಟ್ರಾಮ್ ಹಿಡಿದು ಬೆಯಾಜಿತ್–ಕಪಾಲಿ ಚಾರ್ಶಿ ನಿಲ್ದಾಣದಲ್ಲಿ ಇಳಿಯಬೇಕು. ಪ್ರವೇಶ ಉಚಿತ.

* ಭಾನುವಾರ ಹಾಗೂ ಧಾರ್ಮಿಕ ಹಬ್ಬಗಳಂದು ಪೇಟೆಗೆ ರಜೆ. ಸಂಜೆಗೆ ಮುನ್ನವೇ ಬೆದೆಸ್ತೆನ್ ನೋಡಿ ಮುಗಿಸುವುದು ಉತ್ತಮ.

* ಬೀದಿಗಳಲ್ಲಿ ದಾರಿ ತಪ್ಪುವುದು ಸಹಜ. ‘ಇಚ್ ಬೆದೆಸ್ತೆನ್’, ಅಂದರೆ ಒಳ ಬೆದೆಸ್ತೆನ್ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ.

* ಭೂತಗನ್ನಡಿ, ಸಣ್ಣ ಟಾರ್ಚ್ ಜೊತೆಯಲ್ಲಿರಲಿ. ವಸ್ತುವನ್ನು ಮುಟ್ಟುವ ಮೊದಲು, ಚಿತ್ರ ತೆಗೆಯುವ ಮೊದಲು ಅನುಮತಿ ಕೇಳಿ.

* ರಸೀದಿಯಲ್ಲಿ ವಸ್ತುವಿನ ವಿವರ, ಲೋಹ, ಅಂದಾಜು ವಯಸ್ಸು, ಬೆಲೆ, ದಿನಾಂಕ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಆ ವಸ್ತುವನ್ನು ಅಲ್ಲಿಯೇ ಬಿಡಿ.

* ಭಾರತಕ್ಕೆ ಮರಳಿದಾಗ ಸುಂಕವಿನಾಯಿತಿಯ ಮಿತಿ ಮೀರಿದ ವಸ್ತುವನ್ನು ಕೆಂಪು ಮಾರ್ಗದಲ್ಲಿ ಘೋಷಿಸಿ.

ಏನನ್ನೂ ಕೊಳ್ಳದೆ ಬಂದರೂ ನಷ್ಟವಿಲ್ಲ. ಐದೂವರೆ ಶತಮಾನ ಬೆಂಕಿ, ಭೂಕಂಪಗಳನ್ನು ಕಂಡು ಇನ್ನೂ ಗಿರಾಕಿಗಾಗಿ ಬಾಗಿಲು ತೆರೆಯುತ್ತಿರುವ ಆ ಕಟ್ಟಡ, ತಾನು ಮಾರುವ ಯಾವ ವಸ್ತುವಿಗಿಂತಲೂ ಹೆಚ್ಚು ನೋಡತಕ್ಕದ್ದು. ಅದನ್ನು ನೋಡಲು ರಸೀದಿಯೂ ಬೇಡ, ಪ್ರಮಾಣಪತ್ರವೂ ಬೇಡ.